ರಕ್ತದೊಳಗಿನ ಅಕ್ಷರದೋಷ ಮತ್ತು ನಮ್ಮ ವಿವಾಹ ಸಂಬಂಧಗಳು

(ಎಂ.ಕೆ. ಹುಬ್ಬಳ್ಳಿಯಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನನಗೆ ವಹಿಸಲಾದ ವಿಷಯ ‘ಜೈವಿಕ ಉತ್ಪರಿವರ್ತನೆ: ಅದರ ಕಾರಣಗಳು ಮತ್ತು ಪರಿಣಾಮಗಳು’. ಇಂಗ್ಲಿಷಿನಲ್ಲಿ ಇದನ್ನು ಮ್ಯುಟೇಶನ್ ಎನ್ನುತ್ತಾರೆ. ಇದು ಕಾಲೇಜಿನ ತರಗತಿಗೆ ಸೇರಿದ ವಿಷಯ, ನಮಗೇಕೆ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಒಂದು ಮನೆಯಲ್ಲಿ ರಕ್ತಹೀನತೆಯಿಂದ ಬಳಲುವ ಮಗುವೋ, ಮೂಳೆ ನೆಟ್ಟಗಿಲ್ಲದ ಮಗುವೋ ಹುಟ್ಟಿದಾಗ ಆ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಯಾವುದು? ‘ತಪ್ಪು ಯಾರದು?’ ಉತ್ತರವೂ ಸಿದ್ಧವಾಗಿರುತ್ತದೆ. ಸೊಸೆಯದು. ಅವಳ ತವರಿನ ರಕ್ತದ್ದು. ಇಲ್ಲವೇ ಯಾರದೋ ನಜರ್ ತಗುಲಿದ್ದು. ಈ ಉತ್ತರದಿಂದ ಎಷ್ಟೋ ಹೆಣ್ಣುಮಕ್ಕಳು ತವರಿಗೆ ಮರಳಿದ್ದಾರೆ. ಎಷ್ಟೋ ಮಕ್ಕಳು ಆಸ್ಪತ್ರೆಗೆ ಹೋಗುವ ಬದಲು ತಾಯಿತ ಕಟ್ಟಿಸಿಕೊಂಡು ಅಮೂಲ್ಯ ವರ್ಷಗಳನ್ನು ಕಳೆದುಕೊಂಡಿದ್ದಾರೆ. ಆದ್ದರಿಂದ ಈ ವಿಷಯ ನಮ್ಮ ಮನೆಗಳಿಗೆ ಸೇರಿದ್ದು.

ಮೊದಲು ಅದು ಏನೆಂದು ತಿಳಿಯೋಣ. ಇದು ಕಬ್ಬಿನ ನಾಡು. ಮಲಪ್ರಭೆಯ ದಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬನ್ನು ನಾವು ಬೀಜದಿಂದ ಬೆಳೆಯುವುದಿಲ್ಲ, ತುಂಡು ನೆಡುತ್ತೇವೆ. ಹೀಗಾಗಿ ಹೊಸ ಕಬ್ಬು ಹಳೆಯ ಕಬ್ಬಿನ ತದ್ರೂಪವೇ ಆಗಿರಬೇಕು. ಆದರೂ ಅಪರೂಪಕ್ಕೊಮ್ಮೆ ಒಂದು ಕಣ್ಣಿನಿಂದ ಬೇರೆ ಬಣ್ಣದ ಅಥವಾ ಪಟ್ಟೆಯಿರುವ ಕಬ್ಬು ಮೂಡುವುದುಂಟು. ಮಣ್ಣು ಅದೇ, ನೀರು ಅದೇ. ಬದಲಾದದ್ದು ಆ ಕಣ್ಣಿನ ಜೀವಕೋಶದೊಳಗಿನ ಬರಹ.

ಹೌದು, ಪ್ರತಿಯೊಂದು ಜೀವಕೋಶದಲ್ಲೂ ಒಂದು ಬರಹವಿದೆ. ಅದನ್ನು ಡಿ.ಎನ್.ಎ. ಎನ್ನುತ್ತಾರೆ. ಅದರ ವರ್ಣಮಾಲೆಯಲ್ಲಿರುವುದು ನಾಲ್ಕೇ ಅಕ್ಷರಗಳು. ಮನುಷ್ಯನಲ್ಲಿ ಈ ಬರಹ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಹೀಗೆ ಎರಡು ಪ್ರತಿಗಳು ನಮ್ಮಲ್ಲಿವೆ. ರಕ್ತ ಹೇಗಿರಬೇಕು, ಮೂಳೆ ಹೇಗೆ ಬೆಳೆಯಬೇಕು ಎಂದು ಹೇಳುವ ಇದರ ಒಂದೊಂದು ಭಾಗವೇ ವಂಶವಾಹಿ ಅಥವಾ ಜೀನ್. ಕೋಶ ವಿಭಜನೆಯಾಗುವ ಮುನ್ನ ಈ ಇಡೀ ಗ್ರಂಥವನ್ನು ನಕಲು ಮಾಡಬೇಕಾಗುತ್ತದೆ. ಹಿಂದೆ ಉರ್ದು ಪತ್ರಿಕೆಗಳಲ್ಲಿ ಕಾತಿಬರು ಕೈಯಲ್ಲೇ ಪುಟ ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಎಷ್ಟೇ ನುರಿತ ಕಾತಿಬನಾದರೂ ಎಲ್ಲೋ ಒಂದು ನುಕ್ತಾ ತಪ್ಪಿ ಬೀಳುತ್ತಿತ್ತು. ಹಲವು ಸಲ ಓದುಗ ಅದನ್ನು ಗಮನಿಸುತ್ತಲೂ ಇರಲಿಲ್ಲ. ಒಮ್ಮೊಮ್ಮೆ ಮಾತ್ರ ಒಂದು ನುಕ್ತಾದಿಂದ ಪದದ ಅರ್ಥವೇ ಬದಲಾಗುತ್ತಿತ್ತು. ಉತ್ಪರಿವರ್ತನೆ ಎಂದರೆ ಇಂಥ ಅಕ್ಷರದೋಷ.

ಪ್ರತಿ ನವಜಾತ ಶಿಶುವಿನಲ್ಲೂ ತಂದೆತಾಯಿಯರಲ್ಲಿ ಇಲ್ಲದ ಸುಮಾರು 60-70 ಹೊಸ ಅಕ್ಷರದೋಷಗಳಿರುತ್ತವೆ ಎಂಬುದು ಈಗ ತಿಳಿದಿದೆ. ಇವುಗಳಲ್ಲಿ ಬಹುತೇಕ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಇನ್ನೊಂದು ಸಂಗತಿ ಗಮನಾರ್ಹ. ಇಂಥ ಹೊಸ ದೋಷಗಳಲ್ಲಿ ಹೆಚ್ಚಿನವು ಬರುವುದು ತಂದೆಯ ಕಡೆಯಿಂದ. ತಂದೆಯ ವಯಸ್ಸು ಏರಿದಂತೆ ಅವು ವರ್ಷಕ್ಕೆ ಒಂದೆರಡರಂತೆ ಹೆಚ್ಚುತ್ತವೆ. ಸೊಸೆಯತ್ತ ಬೆರಳು ತೋರಿಸುವ ಅತ್ತೆ ಮಾವಂದಿರು ಇದನ್ನು ಅವಶ್ಯ ನೆನಪಿಡಬೇಕು. ಇದರರ್ಥ ಗಂಡಸರ ಮೇಲೆ ತಪ್ಪು ಹೊರಿಸಬೇಕು ಎಂದಲ್ಲ. ಬೆರಳು ತೋರಿಸುವ ಅಭ್ಯಾಸವನ್ನೇ ಬಿಡಬೇಕು ಎಂದು.

ನಕಲಿನ ದೋಷ ತಾನಾಗಿಯೇ ಆಗುವಂಥದ್ದು. ಆದರೆ ಅದನ್ನು ಹೆಚ್ಚಿಸುವ ಹೊರಗಿನ ಕಾರಣಗಳೂ ಇವೆ. 1927ರಲ್ಲಿ ಹರ್ಮನ್ ಮುಲ್ಲರ್ ಎಂಬ ಅಮೆರಿಕದ ವಿಜ್ಞಾನಿ ಹಣ್ಣಿನ ನೊಣಗಳಿಗೆ ಎಕ್ಸ್-ಕಿರಣ ಹಾಯಿಸಿ ಅವುಗಳ ಸಂತತಿಯಲ್ಲಿ ಉತ್ಪರಿವರ್ತನೆ ಹೆಚ್ಚುವುದನ್ನು ತೋರಿಸಿಕೊಟ್ಟರು. ತಂಬಾಕಿನ ಹೊಗೆ, ಗುಟ್ಕಾ, ಬೂಷ್ಟು ಹಿಡಿದ ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ, ಇವೆಲ್ಲವೂ ನಮ್ಮ ಕೋಶಗಳ ಬರಹವನ್ನು ಕೆಡಿಸುತ್ತವೆ. ಬಾಯಿಯ, ಶ್ವಾಸಕೋಶದ, ಯಕೃತ್ತಿನ ಕ್ಯಾನ್ಸರ್ ಹೀಗೆ ಮೊದಲಾಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ನಿಷೇಧದಿಂದ ಚಟ ನಿಂತಿತೇ ಎಂಬ ಪ್ರಶ್ನೆಯನ್ನು ನಿಮ್ಮ ನಿಮ್ಮ ಮೊಹಲ್ಲಾದ ಗೂಡಂಗಡಿಗಳಿಗೇ ಬಿಡುತ್ತೇನೆ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಗುಟ್ಕಾ ತಿಂದವನ ಬಾಯಿಯ ಕೋಶದಲ್ಲಾದ ದೋಷ ಅವನೊಂದಿಗೇ ಕೊನೆಗೊಳ್ಳುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ವೀರ್ಯ ಅಥವಾ ಅಂಡದ ಬರಹದಲ್ಲಾದ ದೋಷ ಮಾತ್ರ ತಲೆಮಾರಿಗೆ ಸಾಗುತ್ತದೆ.

ಉತ್ಪರಿವರ್ತನೆಗಳೆಲ್ಲವೂ ಕೆಡುಕು ಎಂದು ಭಾವಿಸಬೇಡಿ. ನಮ್ಮ ರೈತರು ಬೆಳೆಯುವ ಟಿ.ಎ.ಜಿ.-24 ಶೇಂಗಾ ತಳಿ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕಿರಣ ಹಾಯಿಸಿ ಪಡೆದ ಗಿಡಗಳ ಸಂತತಿಗೆ ಸೇರಿದ್ದು. ಅದೇ ವೇಳೆ ಬೈಲಹೊಂಗಲ ಭಾಗದ ಹತ್ತಿ ಬೆಳೆಗಾರರನ್ನು ಕೇಳಿ ನೋಡಿ. ಬಿ.ಟಿ. ಹತ್ತಿಗೆ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕಾಯಿಕೊರಕದ ಕಾಟ ಮುಗಿಯಿತು ಎಂದು ಸಾರಲಾಯಿತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಆ ವಿಷವನ್ನು ಜೀರ್ಣಿಸಿಕೊಂಡು ಬದುಕತೊಡಗಿತ್ತು. ವಿಷ ಹುಳುವಿನ ಕರುಳಿನಲ್ಲಿ ಅಂಟಿಕೊಳ್ಳುವ ಜಾಗವೊಂದಿದೆ. ಉತ್ಪರಿವರ್ತನೆಯಿಂದ ಆ ಜಾಗವೇ ಕೆಟ್ಟುಹೋದ ಹುಳುಗಳು ಬದುಕುಳಿದವು, ಉಳಿದವು ಸತ್ತವು, ಬದುಕುಳಿದವುಗಳ ಸಂತತಿಯೇ ಹೊಲ ತುಂಬಿತು. ಕ್ಷಯರೋಗದ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದವರ ದೇಹದಲ್ಲೂ ನಡೆಯುವುದು ಇದೇ. ಔಷಧಕ್ಕೆ ಬಗ್ಗದ ಕೆಲವೇ ರೋಗಾಣುಗಳು ಉಳಿದು, ಬೆಳೆದು, ಮನೆಯವರಿಗೆಲ್ಲ ಹರಡುತ್ತವೆ. ಆದ್ದರಿಂದ ವೈದ್ಯರು ಹೇಳಿದಷ್ಟು ತಿಂಗಳು ಮಾತ್ರೆ ಮುಗಿಸುವುದು ನೆರೆಮನೆಯವನ ಹಕ್ಕನ್ನು ಕಾಪಾಡಿದಂತೆ.

ಇನ್ನು ಮನುಷ್ಯರ ವಿಷಯಕ್ಕೆ ಬರೋಣ. ನಮ್ಮ ರಾಜ್ಯದ್ದೇ ಒಂದು ಊರಿನ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಸೇರಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ದಲಿತ ಕೂಲಿಕಾರರ ಕುಟುಂಬಗಳಲ್ಲಿ ವಿಚಿತ್ರ ಕಾಯಿಲೆಯೊಂದು ಕಂಡುಬಂತು. ಸೊಂಟ ಮತ್ತು ಮೊಣಕಾಲಿನಲ್ಲಿ ನೋವು, ಕ್ರಮೇಣ ಕೀಲುಗಳು ಸವೆದು ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಬ್ಜತೆ. ದುಡಿಯುವ ವಯಸ್ಸಿನವರು ಕೋಲು ಹಿಡಿದರು, ತೆವಳಿದರು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇಂಥ ಕುಟುಂಬಗಳಿರುವುದು ತಿಳಿದುಬಂತು.

ಆಗ ಸಂಶಯ ಮೊದಲು ಹೋದದ್ದು ಗದ್ದೆಯ ಏಡಿಗಳ ಮೇಲೆ. ಭತ್ತದ ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಬಡವರು ಆ ಗದ್ದೆಯ ಏಡಿ ತಿನ್ನುತ್ತಾರೆ, ಅದರಿಂದಲೇ ಈ ರೋಗ ಎಂಬ ವಾದ ದೇಶದಾದ್ಯಂತ ಹರಡಿತು. ಮೇಲ್ನೋಟಕ್ಕೆ ಇದು ಸರಿಯಾದ ವಾದವೇ ಆಗಿತ್ತು. ಆದರೆ ತಜ್ಞರು ಮನೆ ಮನೆಗೆ ಹೋಗಿ ಅಜ್ಜ, ಮಗ, ಮೊಮ್ಮಗ ಎಂದು ತಲೆಮಾರುಗಳ ಪಟ್ಟಿ ಬರೆದು, ಮೂಳೆಗಳ ಎಕ್ಸ್-ರೇ ತೆಗೆದು ಹೋಲಿಸಿದಾಗ ಬೇರೆಯೇ ಚಿತ್ರ ಮೂಡಿತು. ರೋಗ ವಂಶದಲ್ಲಿ ಹರಿಯುತ್ತಿತ್ತು. ಮೂಳೆಗಳ ತುದಿ ಹಾಗೂ ಬೆನ್ನೆಲುಬಿನ ಬೆಳವಣಿಗೆಯನ್ನು ಕೆಡಿಸುವ ಒಂದು ವಂಶವಾಹಿ ದೋಷ ಇದು ಎಂದು 1990ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಯಿತು. ಇದು ಪ್ರಬಲ ಸ್ವರೂಪದ ದೋಷ. ಅಂದರೆ ತಂದೆ ಅಥವಾ ತಾಯಿ, ಯಾರೊಬ್ಬರಲ್ಲಿ ಇದ್ದರೂ ಸಾಕು, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧದಷ್ಟು.

ವಂಶದ ಕಾಯಿಲೆ ಎಂದು ತಿಳಿದ ಮಾತ್ರಕ್ಕೆ ಸರಕಾರದ ಹೊಣೆ ಮುಗಿಯುವುದಿಲ್ಲ. ಸವೆದ ಕೀಲಿಗೆ ಶಸ್ತ್ರಚಿಕಿತ್ಸೆ ಬೇಕು, ದುಡಿಯಲಾಗದವನಿಗೆ ಮಾಸಾಶನ ಬೇಕು, ಮದುವೆಗೆ ಮುನ್ನ ಸಲಹೆ ನೀಡುವ ತಜ್ಞ ಬೇಕು. ಕಾರಣ ಗೊತ್ತಾಗುವುದು ಕೈತೊಳೆದುಕೊಳ್ಳಲು ಅಲ್ಲ, ಸರಿಯಾದ ಕಡೆ ಕೈಯಿಡಲು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಕಾಸರಗೋಡಿನದು. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತಾಡುವ ಪಡ್ರೆಯಂಥ ಹಳ್ಳಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಮತ್ತು ನರರೋಗದ ಮಕ್ಕಳ ಸಂಖ್ಯೆ ಅಲ್ಲಿನ ವೈದ್ಯರನ್ನೇ ದಿಗ್ಭ್ರಮೆಗೊಳಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡಕ್ಕೆ ಆ ಊರಿನ ಮಕ್ಕಳ ರಕ್ತದಲ್ಲಿ ಈ ವಿಷದ ಅಂಶ ದೊರೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಹಿಡಿಯಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಗರ್ಭದಲ್ಲಿರುವಾಗ ವಿಷ ತಗುಲಿ ಮಗುವಿನ ಅಂಗ ಕೆಡಬಹುದು. ವಂಶವಾಹಿಯ ಬರಹ ಆಗ ಸರಿಯಾಗಿಯೇ ಇರಬಹುದು. ಅಂಥ ಮಗುವನ್ನು ನೋಡಿ ‘ವಂಶದ ದೋಷ’ ಎಂದು ಷರಾ ಬರೆದರೆ ವಿಷ ಸುರಿದವನು ತಪ್ಪಿಸಿಕೊಳ್ಳುತ್ತಾನೆ. ಹಂದಿಗೋಡಿನಲ್ಲಿ ವಿಷವೆಂದು ಊಹಿಸಿದ್ದು ವಂಶವಾಹಿಯಾಗಿತ್ತು. ಕಾಸರಗೋಡಿನಲ್ಲಿ ವಂಶದ ಮೇಲೆ ಹೊರಿಸಿದ್ದರೆ ವಿಷಕ್ಕೆ ಮಾಫಿ ಸಿಗುತ್ತಿತ್ತು. ಊಹೆಗೂ ಪರೀಕ್ಷೆಗೂ ಇರುವ ಅಂತರ ಇದು.

ಸಹೋದರರೇ, ಈಗ ನಮ್ಮ ಮನೆಯ ಬಾಗಿಲಿಗೆ ಬರುತ್ತೇನೆ. ಹಂದಿಗೋಡಿನ ದೋಷ ಕಣ್ಣಿಗೆ ಕಾಣುವಂಥದ್ದು. ಆದರೆ ಅನೇಕ ದೋಷಗಳು ಅಡಗಿ ಕುಳಿತಿರುತ್ತವೆ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕೆಲಸ ನಡೆಯುತ್ತದೆ. ಅಂಥವರನ್ನು ವಾಹಕರು ಎನ್ನುತ್ತಾರೆ. ಅವರಿಗೆ ರೋಗವಿಲ್ಲ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಥಲಸ್ಸೇಮಿಯಾ ಹೀಗೆಯೇ. ನಮ್ಮ ದೇಶದಲ್ಲಿ ನೂರರಲ್ಲಿ ಮೂರು ನಾಲ್ಕು ಮಂದಿ ಇದರ ವಾಹಕರು. ಸಿಂಧಿ, ಲೋಹಾಣ, ಪಂಜಾಬಿ ಸಮುದಾಯಗಳಲ್ಲಿ ಇದು ಇನ್ನೂ ಹೆಚ್ಚು. ಯಾವ ಒಂದು ಧರ್ಮಕ್ಕೂ ಇದು ಸೇರಿದ್ದಲ್ಲ. ಇಬ್ಬರು ವಾಹಕರು ಮದುವೆಯಾದರೆ ಮಾತ್ರ ತೊಂದರೆ. ಪ್ರತಿ ಗರ್ಭದಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಕೆಟ್ಟ ಪ್ರತಿಗಳೆರಡೂ ದಾಟುವ ಸಾಧ್ಯತೆ ಇರುತ್ತದೆ. ‘ಮೊದಲ ಮಗುವಿಗೆ ಆಯಿತು, ಇನ್ನು ಮೂರು ಮಕ್ಕಳು ಸುರಕ್ಷಿತ’ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ.

ಹಾಗೆ ಹುಟ್ಟಿದ ಮಗುವಿನ ದೇಹ ಸಾಕಷ್ಟು ರಕ್ತ ತಯಾರಿಸಲಾರದು. ಮೂರು ನಾಲ್ಕು ವಾರಗಳಿಗೊಮ್ಮೆ ಹೊರಗಿನ ರಕ್ತ ಕೊಡಬೇಕು, ಜೀವನವಿಡೀ. ಕೊಟ್ಟ ರಕ್ತದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ನಿತ್ಯ ಔಷಧ ಬೇಕು. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು, ಆದರೆ ಹೊಂದುವ ದಾನಿಯೂ ದೊಡ್ಡ ಮೊತ್ತದ ಹಣವೂ ಬೇಕು. ದಿನಗೂಲಿಯ ತಂದೆ ತಿಂಗಳಿಗೆ ಎಷ್ಟು ದಿನ ಕೆಲಸ ಬಿಟ್ಟು, ಮಗುವನ್ನು ಹೆಗಲ ಮೇಲೆ ಹೊತ್ತು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬಲ್ಲ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಕುಡುಗೋಲು ಕಣ ರೋಗ, ಹಿಮೋಫಿಲಿಯಾಗಳನ್ನು ಸೇರಿಸಲಾಗಿದೆ. ಇಂಥ ಮಗುವಿರುವ ಮನೆಯವರು ಪ್ರಮಾಣಪತ್ರಕ್ಕಾಗಿ ಅರ್ಜಿ ಹಾಕಬೇಕು. ಅದು ಭಿಕ್ಷೆಯಲ್ಲ, ಹಕ್ಕು.

ಇಲ್ಲಿಯೇ ರಕ್ತಸಂಬಂಧದ ವಿವಾಹದ ಪ್ರಶ್ನೆ ಎದುರಾಗುತ್ತದೆ. ಈ ಮಾತು ಬಂದೊಡನೆ ಕೆಲವರು ಅದನ್ನು ಮುಸ್ಲಿಮರ ದೌರ್ಬಲ್ಯವೆಂಬಂತೆ ಆಡುತ್ತಾರೆ. ವಾಸ್ತವ ಬೇರೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧಿಗಳ ನಡುವೆ ನಡೆಯುತ್ತದೆ. ದೇಶದ ಸರಾಸರಿ ಶೇ. 11. ನಮ್ಮಲ್ಲಿ ಖಾಲಾ, ಫುಫ್ಫಿ, ಮಾಮೂ ಮಕ್ಕಳ ನಡುವೆ ನಿಕಾಹ್ ನಡೆಯುತ್ತದೆ. ನಮ್ಮ ಹಿಂದೂ ನೆರೆಯವರಲ್ಲಿ ಅತ್ತೆ ಮಾವನ ಮಕ್ಕಳ ನಡುವೆ ಮಾತ್ರವಲ್ಲ, ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ರೂಢಿಯೂ ಇದೆ. ಇಸ್ಲಾಮಿನಲ್ಲಿ ಸೋದರಮಾವನೊಂದಿಗಿನ ವಿವಾಹ ನಿಷಿದ್ಧ. ಆಸ್ತಿ ಒಡೆಯಬಾರದು, ಹುಡುಗಿ ಕಣ್ಣೆದುರಿಗಿರಬೇಕು, ವರದಕ್ಷಿಣೆಯ ಕಾಟ ತಪ್ಪಬೇಕು ಎಂಬ ಕಾರಣಗಳು ಮಾತ್ರ ಎರಡೂ ಕಡೆ ಒಂದೇ. ಈ ಕಾರಣಗಳನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಆದರೆ ವಿಜ್ಞಾನ ಹೇಳುವುದನ್ನೂ ಕೇಳಬೇಕು. ರಕ್ತಸಂಬಂಧದ ಮದುವೆ ಉತ್ಪರಿವರ್ತನೆಯನ್ನು ಹುಟ್ಟಿಸುವುದಿಲ್ಲ. ಅಡಗಿದ್ದನ್ನು ಹೊರಗೆ ತರುತ್ತದೆ, ಅಷ್ಟೇ. ಒಬ್ಬ ಅಜ್ಜನಲ್ಲಿದ್ದ ಕೆಟ್ಟ ಪ್ರತಿ ಅವನ ಮಗನಿಗೂ ಮಗಳಿಗೂ ದಾಟಿ, ಅವರ ಮಕ್ಕಳಿಗೂ ದಾಟಿರಬಹುದು. ಆ ಮಕ್ಕಳಿಬ್ಬರು ಮದುವೆಯಾದಾಗ ಆ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ಹೆಚ್ಚುತ್ತದೆ. ಬ್ರಿಟನ್ನಿನ ಬ್ರಾಡ್‌ಫರ್ಡ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸೋದರ ಸಂಬಂಧಿ ದಂಪತಿಗಳ ಮಕ್ಕಳಲ್ಲಿ ಜನ್ಮಜಾತ ನ್ಯೂನತೆಯ ಸಾಧ್ಯತೆ ಶೇ. 3ರಿಂದ ಶೇ. 6ಕ್ಕೆ ಏರುವುದು ಕಂಡುಬಂತು. ಅಂದರೆ ಅಪಾಯ ಇಮ್ಮಡಿ. ಆದರೆ ನೂರರಲ್ಲಿ 94 ಮಕ್ಕಳು ಆರೋಗ್ಯವಂತರು. ಎರಡು ಸತ್ಯಗಳನ್ನೂ ಜೊತೆಯಾಗಿ ಹೇಳಬೇಕು. ಆದರೆ ಒಂದೇ ಮನೆತನದಲ್ಲಿ ತಲೆಮಾರು ತಲೆಮಾರಿಗೂ ಹೀಗೆ ನಡೆದರೆ, ಅಥವಾ ಆ ಕುಟುಂಬದಲ್ಲಿ ಈಗಾಗಲೇ ಇಂಥ ಮಗು ಹುಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು.

ಷರೀಅತ್ ಸೋದರ ಸಂಬಂಧಿಗಳ ವಿವಾಹವನ್ನು ಅನುಮತಿಸಿದೆ, ಕಡ್ಡಾಯಗೊಳಿಸಿಲ್ಲ. ಅನುಮತಿಯನ್ನು ಆಜ್ಞೆಯೆಂದು ತಿಳಿಯುವುದು ಸರಿಯಲ್ಲ. ಸೌದಿ ಅರೇಬಿಯಾದಲ್ಲಿ 2004ರಿಂದ ನಿಕಾಹ್‌ಗೆ ಮುನ್ನ ಥಲಸ್ಸೇಮಿಯಾ ಮತ್ತು ಕುಡುಗೋಲು ಕಣ ರೋಗದ ರಕ್ತಪರೀಕ್ಷೆ ಕಡ್ಡಾಯ. ಇಬ್ಬರೂ ವಾಹಕರೆಂದು ತಿಳಿದ ಮೇಲೂ ಮದುವೆಗೆ ತಡೆಯಿಲ್ಲ, ತೀರ್ಮಾನ ಅವರದೇ. ಆರಂಭದಲ್ಲಿ ಅಂಥ ಜೋಡಿಗಳಲ್ಲಿ ಸಂಬಂಧ ಕೈಬಿಟ್ಟವರು ಹತ್ತರಲ್ಲೊಂದು ಪಾಲಿನಷ್ಟೇ ಇದ್ದರು. 2009ರ ಹೊತ್ತಿಗೆ ಅರ್ಧದಷ್ಟು ಜೋಡಿಗಳು ತಾವಾಗಿಯೇ ಹಿಂದೆ ಸರಿದವು. ಇರಾನಿನಲ್ಲಿ 1997ರಿಂದಲೇ ಇಂಥ ಪರೀಕ್ಷೆ ಜಾರಿಯಲ್ಲಿದೆ. ನಮ್ಮ ಜಮಾಅತ್‌ಗಳು ನಿಕಾಹ್ ನೋಂದಣಿಗೆ ಆಧಾರ್ ಪ್ರತಿ, ಭಾವಚಿತ್ರ, ಸಾಕ್ಷಿಗಳ ಸಹಿ ಕೇಳುತ್ತವೆ. ರಕ್ತಪರೀಕ್ಷೆ ಮಾಡಿಸಿದ್ದೀರಾ ಎಂದು ಒಂದು ಮಾತು ಕೇಳಲು ಏನು ಅಡ್ಡಿ?

ಪರೀಕ್ಷೆ ಸರಳ. ಸಾಮಾನ್ಯ ರಕ್ತಪರೀಕ್ಷೆಯ ಜೊತೆಗೆ ‘ಹಿಮೋಗ್ಲೋಬಿನ್ ಎ-2’ ಪ್ರಮಾಣವನ್ನು ನೋಡಬೇಕು. ಅದು ಶೇ. 3.5ನ್ನು ಮೀರಿದ್ದರೆ ಸಾಮಾನ್ಯವಾಗಿ ಆ ವ್ಯಕ್ತಿ ಥಲಸ್ಸೇಮಿಯಾ ವಾಹಕ. ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ವರದಿಯನ್ನು ವೈದ್ಯರಿಗೆ ತೋರಿಸಿ ಅರ್ಥ ಮಾಡಿಕೊಳ್ಳಿ. ಈಗಾಗಲೇ ಮದುವೆಯಾಗಿರುವ ವಾಹಕ ದಂಪತಿಗಳು ಹೆದರಿ ಬೇರೆಯಾಗಬೇಕಾಗಿಲ್ಲ. ಗರ್ಭದ ಆರಂಭಿಕ ವಾರಗಳಲ್ಲೇ ತಿಳಿಯುವ ಪರೀಕ್ಷೆಗಳಿವೆ. ಮುಂದಿನ ತೀರ್ಮಾನಕ್ಕೆ ತಜ್ಞ ವೈದ್ಯರನ್ನೂ ಅರಿವುಳ್ಳ ಉಲಮಾಗಳನ್ನೂ ಜೊತೆಯಾಗಿ ಕೇಳಬೇಕು, ಮತ್ತು ತಡಮಾಡದೆ ಕೇಳಬೇಕು.

ಆದರೆ ಒಂದು ಎಚ್ಚರಿಕೆ. ಪರೀಕ್ಷೆ ಬಂದೊಡನೆ ಅದು ಹುಡುಗಿಯನ್ನು ನಿರಾಕರಿಸುವ ಮತ್ತೊಂದು ನೆಪವಾಗಬಾರದು. ಬಣ್ಣ ಕಪ್ಪು, ಎತ್ತರ ಕಡಿಮೆ ಎನ್ನುತ್ತಿದ್ದವರು ನಾಳೆ ‘ರಕ್ತ ಸರಿಯಿಲ್ಲ’ ಎಂದಾರು. ವಾಹಕಳಾದ ಹುಡುಗಿಗೆ ಯಾವ ರೋಗವೂ ಇಲ್ಲ. ವಾಹಕನಲ್ಲದ ಹುಡುಗನನ್ನು ಮದುವೆಯಾದರೆ ಅವಳ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೇ: ಪರೀಕ್ಷೆಯನ್ನು ಗಂಡುಮಕ್ಕಳಿಂದ ಆರಂಭಿಸಿ. ಹುಡುಗ ವಾಹಕನಲ್ಲವೆಂದು ಗೊತ್ತಾದರೆ ಈ ಕಾಯಿಲೆಯ ಮಟ್ಟಿಗೆ ಹುಡುಗಿಯ ರಕ್ತವನ್ನು ಯಾರೂ ಕೇಳಬೇಕಾಗಿಯೇ ಇಲ್ಲ. ಹುಡುಗ ವಾಹಕನಾದರೆ ಮಾತ್ರ ಮುಂದಿನ ಮಾತು, ಅದೂ ಎರಡು ಮನೆಗಳ ನಡುವೆ, ಗುಟ್ಟಾಗಿ, ಮರ್ಯಾದೆಯಿಂದ.

ಅಕ್ಷರದೋಷವಿಲ್ಲದ ಗ್ರಂಥ ಯಾರ ದೇಹದಲ್ಲೂ ಇಲ್ಲ. ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರೂ, ನಾನೂ ಸೇರಿದಂತೆ, ಯಾವುದೋ ಕೆಲವು ಅಡಗಿದ ದೋಷಗಳನ್ನು ಹೊತ್ತಿದ್ದೇವೆ. ಹೊತ್ತಿರುವುದು ತಪ್ಪಲ್ಲ. ತಿಳಿಯುವ ಅವಕಾಶವಿದ್ದೂ ಕಣ್ಣು ಮುಚ್ಚಿಕೊಂಡು, ಹುಟ್ಟಿದ ಮಗುವಿನ ಮೇಲೆ ಅದರ ಭಾರ ಹಾಕಿ, ಹೆತ್ತವಳ ಮೇಲೆ ಅಪವಾದ ಹೊರಿಸುವುದು ತಪ್ಪು. ಈ ವರ್ಷ ನಿಮ್ಮ ಮನೆಯಲ್ಲಿ ಸಂಬಂಧದ ಮಾತುಕತೆ ನಡೆಯುತ್ತಿದ್ದರೆ, ಒಡವೆಯ ಲೆಕ್ಕಕ್ಕೆ ಕೂರುವ ಮುನ್ನ ಮಗನನ್ನು ಒಮ್ಮೆ ರಕ್ತಪರೀಕ್ಷೆಗೆ ಕಳುಹಿಸಿ. ಇಷ್ಟನ್ನು ಮಾಡಿದರೆ ಈ ಸಭೆ ಸಾರ್ಥಕ.